ಬಂದ ನೀರು ಹೋಗುವುದೆಲ್ಲಿಗೆ?

ಮೊನ್ನೆ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ವಾಷಿಂಗ್ ಮೆಷಿನ್ ಮುಷ್ಕರ ಹೂಡಿತು. ನೀರು ತುಂಬಿಕೊಂಡಿತು, ಬಟ್ಟೆ ತಿರುಗಿಸಿತು, ನೊರೆ ಎಬ್ಬಿಸಿತು, ಎಲ್ಲ ಸರಿ. ನೀರು ಹೊರಗೆ ಬಿಡುವ ಹೊತ್ತಿಗೆ ಮಾತ್ರ ‘ಗುಂಯ್...’ ಎಂದು ಗುನುಗುತ್ತಾ ನಿಂತುಬಿಟ್ಟಿತು. ಗಾಜಿನ ಬಾಗಿಲಿನ ಹಿಂದೆ ಬೂದು ಬಣ್ಣದ ನೀರು, ಅದರಲ್ಲಿ ನನ್ನ ಎರಡು ಅಂಗಿ, ಮೊಮ್ಮಗನ ಶಾಲೆಯ ಚಡ್ಡಿ, ನಮ್ಮಾಕೆಯ ಸೀರೆಯ ಸೆರಗು. ಒಳ್ಳೇ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಂತೆ ಕಾಣುತ್ತಿತ್ತು ಅನ್ನಿ.

ರಿಪೇರಿಯವನಿಗೆ ಫೋನ್ ಮಾಡಿದೆ. ಮೆಷಿನ್ನಿನ ಮುಖ ನೋಡದೆಯೇ “ಪಂಪ್ ಹೋಗಿದೆ ಸಾಬ್, ಎರಡೂವರೆ ಸಾವಿರ” ಎಂದ. ನಾಡಿ ಹಿಡಿಯದೆ ಮದ್ದು ಕೊಡುವ ಪಂಡಿತ! ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಕ್ಕ ತಾಳೆ ನೋಡಿದ ನನಗೆ ಇದು ಸರಿಹೋಗಲಿಲ್ಲ. “ರೀ, ನೀವು ಅದನ್ನ ಬಿಚ್ಚಬೇಡಿ, ಆಮೇಲೆ ಸೇರಿಸೋರು ಯಾರು?” ಎಂದು ನಮ್ಮಾಕೆ ಎಚ್ಚರಿಸಿದರೂ ಸ್ಕ್ರೂಡ್ರೈವರ್ ಹಿಡಿದು ನೆಲಕ್ಕೆ ಕೂತೆ.

ಮುಂದೆ ಬಾಗಿಲಿರುವ ಮೆಷಿನ್ ನಿಮ್ಮಲ್ಲಿದ್ದರೆ, ಕೆಳಗಡೆ ಬಲ ಮೂಲೆಯಲ್ಲಿ ಒಂದು ಪುಟ್ಟ ಮುಚ್ಚಳ ಇರುತ್ತದೆ ನೋಡಿ. ಅದರೊಳಗೆ ಫಿಲ್ಟರ್. ಮೊದಲು ಪ್ಲಗ್ ಕಿತ್ತೆ. ಒಂದು ತಟ್ಟೆ, ಎರಡು ಹಳೇ ಟವೆಲ್ ಇಟ್ಟುಕೊಂಡು ಫಿಲ್ಟರನ್ನು ನಿಧಾನಕ್ಕೆ ಎಡಕ್ಕೆ ತಿರುಗಿಸಿದೆ. (ನಿಧಾನಕ್ಕೆ ಎಂಬುದನ್ನು ಮರೆಯಬೇಡಿ, ಒಮ್ಮೆಲೇ ತೆಗೆದರೆ ಅಡುಗೆಮನೆಯಲ್ಲಿ ಪ್ರಳಯ.) ತಟ್ಟೆ ತುಂಬಿದಂತೆಲ್ಲ ಚೆಲ್ಲಿ, ಕೊನೆಗೆ ಫಿಲ್ಟರ್ ಎಳೆದಾಗ ಸಿಕ್ಕಿದ್ದು: ಒಂದು ರೂಪಾಯಿಯ ಎರಡು ನಾಣ್ಯ, ಒಂದು ಹೇರ್‌ಪಿನ್ನು, ಅಂಗಿಯ ಗುಂಡಿ, ಉಂಡೆಗಟ್ಟಿದ ನಾರು. ಒಳಗೆ ಬೆರಳು ಹಾಕಿ ಪಂಪಿನ ರೆಕ್ಕೆ ತಿರುಗಿಸಿ ನೋಡಿದೆ. ಸಲೀಸಾಗಿ ತಿರುಗದೆ ತಡೆತಡೆದು, ಜಿಗಿಜಿಗಿದು ತಿರುಗಿತು. ‘ಓ, ಇದೇ ಕೆಟ್ಟಿದೆ’ ಅಂದುಕೊಳ್ಳಬೇಡಿ. ಆ ಪಂಪಿನ ನಡುವೆ ಇರುವುದು ಅಯಸ್ಕಾಂತ, ಹಾಗಾಗಿ ತಡೆತಡೆದು ತಿರುಗುವುದೇ ಅದರ ಸ್ವಭಾವ. ಸುಮಾರು 30 ವಾಟಿನ ಬಡಪಾಯಿ ಮೋಟರು. ಶುರುವಾಗುವಾಗ ಎಡಕ್ಕೆ ತಿರುಗುತ್ತದೋ ಬಲಕ್ಕೋ ಅದಕ್ಕೇ ಗೊತ್ತಿರುವುದಿಲ್ಲ. ಆದ್ದರಿಂದಲೇ ಅದರ ರೆಕ್ಕೆಗಳನ್ನು ಬಾಗಿಸದೆ ನೆಟ್ಟಗೆ ಮಾಡಿರುತ್ತಾರೆ. ಯಾವ ಕಡೆಗೆ ತಿರುಗಿದರೂ ನೀರು ಹೊರಗೆ ಹೋದರೆ ಸಾಕು.

ಎಲ್ಲ ತೊಳೆದು, ಸೇರಿಸಿ, ಗುಂಡಿ ಒತ್ತಿದೆ. ಮತ್ತದೇ ‘ಗುಂಯ್’. ನೀರು ಹಂದಲಿಲ್ಲ. ನಮ್ಮಾಕೆ ಏನೂ ಹೇಳಲಿಲ್ಲ. ಹೇಳದೇ ಇದ್ದದ್ದೇ ಹೆಚ್ಚು ಕೇಳಿಸಿತು!

ಒದ್ದೆ ನೆಲದ ಮೇಲೆ ಕೂತು ಯೋಚನೆ ಹತ್ತಿತು. ಈ ಮೆಷಿನ್ನಿಗೆ ನೀರು ತುಂಬುವ ನಲ್ಲಿ ಎಲ್ಲಿದೆ ಅಂತ ನನಗೆ ಗೊತ್ತು. ಹೊರಗೆ ಹೋದ ನೀರು ಎಲ್ಲಿಗೆ ಹೋಗುತ್ತದೆ ಅಂತ ಇಷ್ಟು ವರ್ಷ ಒಮ್ಮೆಯೂ ಕೇಳಿಕೊಂಡಿಲ್ಲವಲ್ಲ! ಆಮೇಲೆ ಹಳೆಯ ಪುಸ್ತಕಗಳನ್ನು ತಿರುವುತ್ತಾ ಹೋದಂತೆ ಅನ್ನಿಸಿತು, ಈ ಮರೆವು ನನ್ನೊಬ್ಬನದಲ್ಲ. ಮೆಷಿನ್ನಿನ ಚರಿತ್ರೆಯಲ್ಲೂ, ಈ ಮುಂಬೈ ನಗರದ ಚರಿತ್ರೆಯಲ್ಲೂ ನೀರು ಬಂದದ್ದಕ್ಕೆ ಇಸವಿ ಇದೆ, ಹೆಸರಿದೆ. ನೀರು ಹೋದದ್ದಕ್ಕೆ ಲೆಕ್ಕ ಇಟ್ಟವರು ಕಡಿಮೆ.

ಮೊದಲು ಮೆಷಿನ್ನಿನ ಕಥೆ ಚುಟುಕಾಗಿ ಹೇಳಿಬಿಡುತ್ತೇನೆ. 1767ರಲ್ಲಿ ಜರ್ಮನಿಯ ಶೆಫರ್ ಎಂಬ ವಿದ್ವಾಂಸರು ಬಟ್ಟೆ ಒಗೆಯುವ ಯಂತ್ರದ ವಿನ್ಯಾಸ ಪ್ರಕಟಿಸಿದರು. 1851ರಲ್ಲಿ ಅಮೆರಿಕದ ಜೇಮ್ಸ್ ಕಿಂಗ್ ಕೈಯಿಂದ ತಿರುಗಿಸುವ ಡ್ರಮ್ಮಿಗೆ ಪೇಟೆಂಟ್ ಪಡೆದರು, 1858ರಲ್ಲಿ ಹ್ಯಾಮಿಲ್ಟನ್ ಸ್ಮಿತ್ ಇನ್ನೊಂದಕ್ಕೆ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ವಿದ್ಯುತ್ ಮೋಟರು ಸೇರಿತು. ಆಲ್ವಾ ಫಿಶರ್ ಇದನ್ನು ಕಂಡುಹಿಡಿದರು ಅಂತ ಬಹಳ ಕಡೆ ಓದುತ್ತೇವೆ. ಆದರೆ ಅವರ ಪೇಟೆಂಟ್ 1910ರದ್ದು, ಅದಕ್ಕೂ ಮೊದಲೇ ಇಂಥ ಮೆಷಿನ್ನುಗಳ ಜಾಹೀರಾತು ಪತ್ರಿಕೆಗಳಲ್ಲಿ ಬಂದಿದ್ದವು. ತಾನೇ ನೀರು ತುಂಬಿಕೊಂಡು, ಒಗೆದು, ಜಾಲಿಸಿ, ಹಿಂಡುವ ಬೆಂಡಿಕ್ಸ್ ಮೆಷಿನ್ ಬಂದದ್ದು 1937ರಲ್ಲಿ. ಅದು ಎಷ್ಟು ಕುಣಿಯುತ್ತಿತ್ತೆಂದರೆ ಬೋಲ್ಟು ಹಾಕಿ ನೆಲಕ್ಕೆ ಬಿಗಿಯಬೇಕಾಗಿತ್ತಂತೆ.

ಈ ಎಲ್ಲ ಹೆಸರುಗಳೂ ಬಟ್ಟೆಯನ್ನು ಹೇಗೆ ಅಲುಗಿಸಬೇಕು ಎಂದು ಯೋಚಿಸಿದವರದು. ಕೊಳೆ ನೀರಿಗೆ? ತೊಟ್ಟಿಯ ತಳದಲ್ಲೊಂದು ತೂತು, ಅದಕ್ಕೊಂದು ಬಿರಡೆ. ಕೆಳಗೆ ಬಕೆಟ್ಟು, ಬಕೆಟ್ಟಿಗೆ ಒಂದು ಕೈ.

ನಮ್ಮಲ್ಲಿ 1980ರ ದಶಕದ ಕೊನೆಯ ಹೊತ್ತಿಗೆ ಮಧ್ಯಮ ವರ್ಗದ ಮನೆಗಳಿಗೆ ಎರಡು ತೊಟ್ಟಿಯ ಸೆಮಿ ಆಟೊಮ್ಯಾಟಿಕ್ ಬಂತು ನೆನಪಿದೆಯಾ? ಅದರಲ್ಲಿ ಪಂಪೇ ಇರಲಿಲ್ಲ. ತಿರುಪು ತಿರುಗಿಸಿದರೆ ಒಳಗೊಂದು ಪಟ್ಟಿ ರಬ್ಬರಿನ ಮುಚ್ಚಳವನ್ನು ಎತ್ತುತ್ತಿತ್ತು, ನೀರು ತನ್ನ ಭಾರಕ್ಕೆ ತಾನೇ ಇಳಿದು ಹೋಗುತ್ತಿತ್ತು. ಹಾಗಾಗಿ ಅದರ ಪೈಪು ನೆಲದ ಮೇಲೇ ಮಲಗಿರಬೇಕು. ಈಗ ಮುಂದೆ ಬಾಗಿಲಿರುವ ಮೆಷಿನ್ನಿನಲ್ಲಿ ಇದು ಉಲ್ಟಾ. ಪಂಪು ನೀರನ್ನು ಮೇಲಕ್ಕೆ ತಳ್ಳುತ್ತದೆ. ಪೈಪು ಸೊಂಟದ ಮಟ್ಟಕ್ಕೆ ಒಮ್ಮೆ ಏರಿ ಆಮೇಲೆ ಇಳಿಯಬೇಕು, ಇಲ್ಲವಾದರೆ ತುಂಬಿದ ನೀರು ತುಂಬುತ್ತಿರುವಾಗಲೇ ಜಾರಿ ಹೋಗುತ್ತದೆ. ಹಳೇ ಮೆಷಿನ್ನಿನ ಅಭ್ಯಾಸದಲ್ಲಿ ಹೊಸದರ ಪೈಪನ್ನು ನೆಲಕ್ಕೆ ಮಲಗಿಸಿ ಪೇಚಿಗೆ ಸಿಕ್ಕವರನ್ನು ನಾನೇ ಎಷ್ಟೋ ಮಂದಿ ನೋಡಿದ್ದೇನೆ.

ಇನ್ನು ನಮ್ಮ ಊರಿನಲ್ಲಿ, ಕುಂದಾಪುರದ ಕಡೆ, ಈ ಪ್ರಶ್ನೆಯೇ ಇರಲಿಲ್ಲ. ಅಮ್ಮ ಬಾವಿಕಟ್ಟೆಯ ಪಕ್ಕದ ಒಗೆಯುವ ಕಲ್ಲಿನ ಮೇಲೆ ಅಂಟುವಾಳದ ನೊರೆಯಲ್ಲಿ ರೇಷ್ಮೆ ಸೀರೆ ತೊಳೆದರೆ, ನೀರು ಸಣ್ಣ ಕಣಿಯಲ್ಲಿ ಹರಿದು ಬಾಳೆ ಬುಡಕ್ಕೆ, ಕೆಸುವಿನ ಗಿಡಕ್ಕೆ ಹೋಗುತ್ತಿತ್ತು. ಬಂದ ನೀರಿಗೂ ಹೋದ ನೀರಿಗೂ ನಡುವೆ ಹತ್ತು ಮಾರು ದೂರ. ಕಣಿ ಕಟ್ಟಿಕೊಂಡರೆ ಅಪ್ಪ ಹಾರೆ ತೆಗೆದುಕೊಂಡು ಹೋಗಿ ಬಿಡಿಸುತ್ತಿದ್ದರು.

1978ರಲ್ಲಿ ನಾನು ಮುಂಬೈಗೆ ಬಂದಾಗ ಗಿರಗಾಂವದ ಒಂದು ಚಾಳಿನಲ್ಲಿ ಐದು ಜನ ಸೇರಿ ಒಂದು ಖೋಲಿ ಹಿಡಿದಿದ್ದೆವು. ಖೋಲಿಯ ಮೂಲೆಯಲ್ಲಿ ಮೊಣಕಾಲೆತ್ತರದ ಕಟ್ಟೆ ಕಟ್ಟಿದ ಒಂದು ಜಾಗ. ಅಲ್ಲೇ ಸ್ನಾನ, ಅಲ್ಲೇ ಪಾತ್ರೆ, ಅಲ್ಲೇ ಬಟ್ಟೆ. ಅದರ ಹೆಸರು ಕೇಳಿ ನಾನು ಬೆಚ್ಚಿಬಿದ್ದಿದ್ದೆ... ‘ಮೋರಿ’! ನಮ್ಮ ಕನ್ನಡದಲ್ಲಿ ಮೋರಿ ಅಂದರೆ ರಸ್ತೆ ಬದಿಯ ಗಟಾರ. ಇವರು ಅದರಲ್ಲಿ ಸ್ನಾನ ಮಾಡು ಅನ್ನುತ್ತಿದ್ದಾರಲ್ಲ! ಬೆಳಿಗ್ಗೆ ನಾಲ್ಕಕ್ಕೆ ನೀರು ಬರುತ್ತಿತ್ತು. ಪಾಳಿ ಪ್ರಕಾರ ಎದ್ದು ಡ್ರಮ್ ತುಂಬಿಸುತ್ತಿದ್ದೆವು. ಮೋರಿಯ ತೂತಿನಿಂದ ಹೋದ ನೀರು ಎಲ್ಲಿಗೆ ಅಂತ ನೋಡಲು ಒಮ್ಮೆ ಹಿಂದಿನ ಕಿಟಕಿಯಿಂದ ಬಗ್ಗಿದೆ. ಎರಡು ಕಟ್ಟಡಗಳ ನಡುವೆ ಒಬ್ಬ ಮನುಷ್ಯ ಅಡ್ಡ ನಡೆಯುವಷ್ಟು ಸಂದಿ. ಅದರಲ್ಲಿ ಮೊಣಕಾಲ ತನಕ ಇಳಿದು ಒಬ್ಬರು ಬಿದಿರಿನ ಪಟ್ಟಿಯಿಂದ ಏನನ್ನೋ ಕೆದಕುತ್ತಿದ್ದರು. ತಲೆಯೆತ್ತಿ ನನ್ನನ್ನು ನೋಡಿದರು. ನಾನು ಕಿಟಕಿ ಮುಚ್ಚಿದೆ.

ಆ ಸಂದಿಗೂ ಒಂದು ಚರಿತ್ರೆ ಇದೆ ಎಂದು ತಿಳಿದದ್ದು ಬಹಳ ವರ್ಷಗಳ ಮೇಲೆ. ಮುಂಬೈಗೆ ಕೊಳವೆಯಲ್ಲಿ ನೀರು ಬಂದದ್ದು 1860ರಲ್ಲಿ, ವಿಹಾರ್ ಕೆರೆಯಿಂದ. ಅದಕ್ಕೂ ಮುಂಚೆ ಬಾವಿ, ಕೆರೆಗಳೇ ಗತಿ. ಧೋಬಿ ತಲಾವ್ ಎಂಬ ಹೆಸರು ಈಗಲೂ ಇದೆ, ಅಗಸರು ಬಟ್ಟೆ ಒಗೆಯುತ್ತಿದ್ದ ಕೆರೆ ಮಾತ್ರ ಮುಚ್ಚಿಹೋಗಿ ಎಷ್ಟೋ ಕಾಲವಾಯಿತು. ವಿಹಾರ್ ಬಂದಾಗ ಊರಿಗೆ ಹಬ್ಬ. ಆದರೆ ಬಂದ ನೀರು ಹೊರಹೋಗಲು ಸರಿಯಾದ ಚರಂಡಿ ಇರಲಿಲ್ಲ! ತೆರೆದ ಗಟಾರಗಳಲ್ಲಿ ನಿಂತು ನೆಲಕ್ಕೆ ಇಂಗಿ ನಾರತೊಡಗಿತು. ಒಳಚರಂಡಿ, ವರಳಿಯ ಲವ್ ಗ್ರೋವ್‌ನ ಪಂಪಿಂಗ್ ಸ್ಟೇಷನ್ ಎಲ್ಲ ಆಮೇಲೆ ಬಂದವು. 1892ರಲ್ಲಿ ತಾನಸಾದಿಂದ ಇನ್ನೂ ಹೆಚ್ಚು ನೀರು ಬಂತು, ಚರಂಡಿ ಮತ್ತೆ ಹಿಂದೆ ಬಿತ್ತು. ಚರಂಡಿ ಇಲ್ಲದ ಕಡೆ ಮಲ ಹೊತ್ತು ಸಾಗಿಸಲು ‘ಹಲಾಲ್‌ಖೋರ್’ ಎಂದು ಕರೆಯಲ್ಪಡುತ್ತಿದ್ದ ಜನರಿದ್ದರು. 1888ರ ಮುನಿಸಿಪಲ್ ಕಾಯ್ದೆಯಲ್ಲಿ ‘ಹಲಾಲ್‌ಖೋರ್ ತೆರಿಗೆ’ ಎಂಬ ಬಾಬತ್ತೇ ಇತ್ತು. ಅವರು ಓಡಾಡಲೆಂದೇ ಮನೆಗಳ ಹಿಂದೆ ಬಿಟ್ಟ ದಾರಿಗಳೇ ನಾನು ಕಿಟಕಿಯಿಂದ ಕಂಡ ಸಂದಿ.

1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಅವರು ಪ್ಲೇಗನ್ನು ಗುರುತಿಸಿದರು. ಕೊಳೆಯೇ ರೋಗದ ಮೂಲ ಎಂದು ನಂಬಿದ್ದ ಅಧಿಕಾರಿಗಳು ಚರಂಡಿಗಳಿಗೆ ಸಮುದ್ರದ ನೀರು, ಕಾರ್ಬಾಲಿಕ್ ಆಸಿಡ್ ಹಾಯಿಸಿ ತೊಳೆಸಿದರು. ಅದರಿಂದ ಚರಂಡಿಯ ಇಲಿಗಳು ಮನೆಗಳತ್ತ ಓಡಿರಬಹುದು ಅಂತಲೂ ಹೇಳುತ್ತಾರೆ. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆಂದು ಸಿಮೋಂಡ್ ಎಂಬ ಫ್ರೆಂಚ್ ವೈದ್ಯರು ತೋರಿಸಿದ್ದು 1898ರಲ್ಲಿ! ಲಕ್ಷಾಂತರ ಜನ ಊರು ಬಿಟ್ಟು ಹೋಗುತ್ತಿದ್ದಾಗ ಮುನಿಸಿಪಾಲಿಟಿಯನ್ನು ಕಾಡಿದ ದೊಡ್ಡ ಭಯ ಯಾವುದು ಗೊತ್ತೇ? ಕಸ ಗುಡಿಸುವವರೂ ಹಲಾಲ್‌ಖೋರರೂ ಹೊರಟುಹೋದರೆ ಈ ನಗರದಲ್ಲಿ ಯಾರೂ ಬದುಕಲಾರರು ಎಂಬುದು. ಅಷ್ಟು ದಿನ ಕಣ್ಣಿಗೆ ಬೀಳದವರು ಆಗ ಕಂಡರು.

ನೂರಾ ಒಂಬತ್ತು ವರ್ಷ ಬಿಟ್ಟು ನಗರಕ್ಕೆ ಮತ್ತೆ ಚರಂಡಿ ನೆನಪಾಯಿತು. 2005ರ ಜುಲೈ 26. ಸಾಂತಾಕ್ರೂಜಿನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ಅದೇ ದಿನ ಕೊಲಾಬಾದಲ್ಲಿ ಬಿದ್ದದ್ದು 74 ಕೂಡ ಇಲ್ಲ. ನಾನು ಸಯನ್‌ನಿಂದ ಮುಲುಂಡಿನ ಮನೆಗೆ ಹೊರಟವನು ಎದೆಮಟ್ಟದ ನೀರಿನಲ್ಲಿ ಗೊತ್ತಿಲ್ಲದವರ ಕೈಹಿಡಿದು ಸರಪಳಿ ಮಾಡಿಕೊಂಡು ನಡೆದು, ಮುಟ್ಟುವಾಗ ಮರುದಿನ ಬೆಳಕು ಹರಿದಿತ್ತು. ನಗರದಲ್ಲಿ ನಾನೂರಕ್ಕೂ ಹೆಚ್ಚು ಜನ ತೀರಿಹೋದರು.

ಯಾಕೆ ಹಾಗಾಯಿತು? ವಾಷಿಂಗ್ ಮೆಷಿನ್ನಿನ ಮುಂದೆ ಕೂತಾಗ ಅದು ನನಗೆ ಹೆಚ್ಚು ಚೆನ್ನಾಗಿ ಅರ್ಥವಾಯಿತು ನೋಡಿ. ಹಳೆಯ ಮುಂಬೈಯ ಮಳೆನೀರಿನ ಚರಂಡಿಗಳನ್ನು ಕಟ್ಟಿದ್ದು ಗಂಟೆಗೆ 25 ಮಿಲಿಮೀಟರ್ ಮಳೆಗೆ, ಅದೂ ಸಮುದ್ರ ಇಳಿತದಲ್ಲಿದ್ದರೆ. ಇದನ್ನು 50ಕ್ಕೆ ಏರಿಸಬೇಕು ಎಂದು ‘ಬ್ರಿಮ್‌ಸ್ಟೊವಾಡ್’ ವರದಿ 1993ರಲ್ಲೇ ಹೇಳಿತ್ತು. ವರದಿ ಕಪಾಟಿನಲ್ಲಿತ್ತು. ಚರಂಡಿಗಳು ಸಮುದ್ರ ಸೇರುವ ಬಾಯಿಗಳಲ್ಲಿ ಹೆಚ್ಚಿನವು ಉಬ್ಬರದ ಮಟ್ಟಕ್ಕಿಂತ ಕೆಳಗಿವೆ. ಎಂದರೆ ಉಬ್ಬರದ ಹೊತ್ತಿನಲ್ಲಿ ಪೈಪಿನ ತುದಿಯೇ ಮುಳುಗಿರುತ್ತದೆ, ನೀರು ಹೋಗುವುದಿರಲಿ, ಸಮುದ್ರವೇ ಒಳಗೆ ಬರುತ್ತದೆ. ಅಂದು ಮಧ್ಯಾಹ್ನ ದೊಡ್ಡ ಉಬ್ಬರವಿತ್ತು. ಇನ್ನು ಮಿಠಿ ನದಿ. ವಿಹಾರ್ ಮತ್ತು ಪವಾಯಿ ಕೆರೆಗಳು ತುಂಬಿ ಹೊರಬಿದ್ದ ನೀರೇ ಆ ನದಿ. 1860ರಲ್ಲಿ ನಮಗೆ ನೀರು ಕೊಟ್ಟ ಅದೇ ಕಣಿವೆ! ಅದನ್ನು ವಿಮಾನ ನಿಲ್ದಾಣದ ಬಳಿ ರನ್‌ವೇ ಅಡಿಯಲ್ಲಿ ಹಾಯಿಸಿ ಮೊಣಕೈಯಂತೆ ಮಡಚಿದ್ದಾರೆ. ಗೋಡೆಗೂ ಮೆಷಿನ್ನಿಗೂ ನಡುವೆ ಸಿಕ್ಕು ಮಡಚಿದ ಪೈಪಿನ ಹಾಗೆ. ಪ್ಲಾಸ್ಟಿಕ್ ಚೀಲಗಳು ಬೇರೆ. 2006ರಲ್ಲಿ ತೆಳು ಚೀಲಗಳಿಗೆ ಮಹಾರಾಷ್ಟ್ರ ಸರ್ಕಾರ ಕಡಿವಾಣ ಹಾಕಿತು, 2018ರಲ್ಲಿ ಇನ್ನೂ ಬಿಗಿಯಾದ ನಿಷೇಧ ತಂದಿತು. ಹಾಜಿ ಅಲಿ, ಇರ್ಲಾ ಮುಂತಾದ ಕಡೆ ದೊಡ್ಡ ಪಂಪುಗಳು ಬಂದದ್ದು 2011ರಿಂದ ಈಚೆಗೆ. ತೂತು, ಮಡಿಕೆ, ಪಂಪು, ಫಿಲ್ಟರ್. ಮೆಷಿನ್ನಿಗೆ ಇರುವ ಕಾಯಿಲೆಗಳೇ ಊರಿಗೂ.

ಪಂಪು ಬಂದರೂ ಕೈ ಹೋಗಲಿಲ್ಲ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ‘ನಾಲಾ ಸಫಾಯಿ’ ಎಂದು ಪತ್ರಿಕೆಯಲ್ಲಿ ಓದುತ್ತೇವೆ. ಎಷ್ಟು ಟನ್ ಹೂಳು ತೆಗೆದರೆಂದು ಅಂಕಿ ಬರುತ್ತದೆ, ತೆಗೆದವರ ಹೆಸರು ಬರುವುದಿಲ್ಲ. ನಮ್ಮ ಕರ್ನಾಟಕದಲ್ಲಿ 1970ರ ದಶಕದಲ್ಲೇ, ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಆಜ್ಞೆ ಮಾಡಿದ್ದರು. ದೇಶಕ್ಕೆ ಕಾಯ್ದೆ ಬಂದದ್ದು 1993ರಲ್ಲಿ, ಇನ್ನಷ್ಟು ಬಲವಾದದ್ದು 2013ರಲ್ಲಿ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಇದೇ ಕೆಲಸದ ಮನೆತನದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು ಇದರ ವಿರುದ್ಧ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಚರಂಡಿಯೊಳಗೆ ಸತ್ತವರ ಮನೆಯವರಿಗೆ 10 ಲಕ್ಷ ಕೊಡಬೇಕೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಏರಿಸಬೇಕಾಗಿ ಬಂತು ಎಂದರೆ, ಇಳಿಯುವುದು ನಿಂತಿಲ್ಲ ಅಂತಲೇ ಅಲ್ಲವೇ?

ಸರಿ, ನಮ್ಮ ಮನೆಯ ಮೆಷಿನ್ನಿಗೆ ಬರೋಣ. ಭಾನುವಾರ ಸಂಜೆಗೆ ಒಂದು ಉಪಾಯ ಹೊಳೆಯಿತು. ಹಿಂದಿನಿಂದ ಪೈಪನ್ನು ಬಚ್ಚಲಿನ ನೆಲದ ಜಾಲಿಯಿಂದ ಕಿತ್ತು, ಅದರ ತುದಿಯನ್ನು ಸೊಂಟದೆತ್ತರದಲ್ಲಿ ಬಕೆಟ್ಟಿನ ಮೇಲೆ ಹಿಡಿದು, ಮೆಷಿನ್ ಚಾಲೂ ಮಾಡು ಅಂದೆ. ‘ಭರ್’ ಎಂದು ಅರ್ಧ ನಿಮಿಷದಲ್ಲಿ ಬಕೆಟ್ಟು ತುಂಬಿತು! ಪಂಪಿಗೆ ಏನೂ ಆಗಿರಲಿಲ್ಲ. ಎರಡೂವರೆ ಸಾವಿರ ಉಳಿಯಿತು. ಕಟ್ಟಿಕೊಂಡದ್ದು ಪೈಪಿನ ಆಚೆ, ನೆಲದೊಳಗಿನ ನಾಹನಿ ಟ್ರ್ಯಾಪಿನಲ್ಲಿ. ಪೈಪನ್ನು ಜಾಲಿಯ ತೂತಿಗೆ ಬಿಗಿಯಾಗಿ ತುರುಕಿದ್ದರಿಂದ ನೀರು ಉಕ್ಕಿ ಹೊರಬರಲೂ ಆಗದೆ, ಬಡ ಪಂಪು ತಳ್ಳಿ ತಳ್ಳಿ ಸೋತಿತ್ತು. ನಿಮ್ಮ ಮನೆಯಲ್ಲೂ ಹೀಗಾದರೆ ರಿಪೇರಿಯವನನ್ನು ಕರೆಯುವ ಮೊದಲು ಈ ಬಕೆಟ್ ಪರೀಕ್ಷೆ ಮಾಡಿ.

ಜಾಲಿ ಎತ್ತಿ, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು (ಹೌದು, ಅದೇ ಚೀಲ) ಒಳಗೆ ಹಾಕಿದೆ. ಕೂದಲು, ನಾರು, ಸಾಬೂನಿನ ಲೋಳೆ, ಒಂದು ಶಾಂಪೂ ಸ್ಯಾಶೆ. ವಾಸನೆ ಹೇಳುವುದು ಬೇಡ. ಎರಡು ಸಲ ಎದ್ದು ಹೋಗಿ ಬಾಲ್ಕನಿಯಲ್ಲಿ ನಿಂತು ಬಂದೆ.

ಎರಡು ದಿನ ಬಿಟ್ಟು ನಮ್ಮ ಮನೆಗೆಲಸದ ಬಾಯಿ ಊರಿನಿಂದ ವಾಪಸು ಬಂದರು. ಅಕ್ಕಲಕೋಟೆ ಕಡೆಯವರು, ನಮ್ಮ ಜೊತೆ ಕನ್ನಡವೇ. ಜಾತ್ರೆಗೆಂದು ಹತ್ತು ದಿನ ರಜೆ ಹಾಕಿದ್ದರು. ನಾನು ನನ್ನ ಸಾಹಸವನ್ನೆಲ್ಲ ವರ್ಣಿಸಿದೆ. ಅವರು ಸೆರಗು ಸಿಕ್ಕಿಸಿಕೊಳ್ಳುತ್ತಾ ನಕ್ಕರು.

“ನಾ ಇಲ್ಲದ್ದಕ್ಕ ಕಟ್ಟೇತ್ರೀ ಕಾಕಾ. ಆ ಜಾಳಗಿ ದಿನಾ ನಾನ ಎತ್ತಿ ತಗೀತಿದ್ನಿ. ನಿಮಗ ಗೊತ್ತಿರಲಿಲ್ಲೇನು?”

ಗೊತ್ತಿರಲಿಲ್ಲ. ಹನ್ನೊಂದು ವರ್ಷ ಅವರು ನಮ್ಮ ಮನೆಯಲ್ಲಿ ಕೆಲಸ ಮಾಡಿದ್ದಾರೆ. ಮೆಷಿನ್ ತಂದ ದಿನ, ಇನ್ನು ಬಟ್ಟೆಗೆ ಕೈ ಹಚ್ಚುವುದೇ ಬೇಡ, ಎಲ್ಲ ತಾನೇ ಆಗುತ್ತದೆ ಅಂತ ನಾನು ಮನೆಯವರಿಗೆಲ್ಲ ಭಾಷಣ ಮಾಡಿದ್ದೆ. ತಾನೇ ಆಗುತ್ತಿರಲಿಲ್ಲ.

ಗಿರಗಾಂವದ ಆ ಕಿಟಕಿ ನೆನಪಾಯಿತು.

ಈಗ ನಮ್ಮ ಮನೆಯಲ್ಲಿ ಹೊಸ ವ್ಯವಸ್ಥೆ. ಪೈಪಿನ ತುದಿಗೆ ಹಳೇ ನೈಲಾನ್ ಕಾಲುಚೀಲ ಕಟ್ಟಿದ್ದೇನೆ, ನಾರು ಅದರಲ್ಲೇ ನಿಲ್ಲುತ್ತದೆ. ಅದು ತುಂಬುವ ಮೊದಲೇ ತೆಗೆದು ತೊಳೆಯಬೇಕು, ಇಲ್ಲವಾದರೆ ಅದೇ ಇನ್ನೊಂದು ಬಿರಡೆ. ಪೈಪನ್ನು ತುರುಕದೆ ಸಡಿಲವಾಗಿ ಇಟ್ಟಿದ್ದೇನೆ. ತಿಂಗಳ ಮೊದಲ ತಾರೀಕು ಫಿಲ್ಟರ್, ಪ್ರತಿ ಭಾನುವಾರ ಜಾಲಿ. ಎರಡೂ ನನ್ನ ಪಾಳಿ. “ಬಿಡ್ರೀ ಕಾಕಾ, ನಾ ಮಾಡ್ತೀನಿ” ಎಂದು ಬಾಯಿ ಮೊದಲ ವಾರ ಒತ್ತಾಯಿಸಿದರು. ಎರಡನೇ ವಾರ ಬಾಗಿಲಲ್ಲಿ ನಿಂತು, “ಇನ್ನೂ ಒಳಗ ಅದ, ಸರಿಯಾಗಿ ತಗೀರಿ” ಎಂದರು.

ನಿಮ್ಮ ಮನೆಯ ಜಾಲಿಯನ್ನು ಯಾರು ಎತ್ತುತ್ತಾರೆ? ಇವತ್ತು ಒಮ್ಮೆ ಕೇಳಿ ನೋಡಿ.